ಹತ್ತದೆ ಉಳಿದ ಬೆಟ್ಟಗಳು

ಬೆಟ್ಟ ಕಂಡರೆ ಹತ್ತಲೇಬೇಕು ಎಂಬ ಶಾಸನವನ್ನು ಯಾವ ಪುಣ್ಯಾತ್ಮ ಕಲ್ಲಿನಲ್ಲಿ ಕೊರೆಸಿದನೋ ಕಾಣೆ. ಭಾನುವಾರ ಬೆಳಿಗ್ಗೆ ಸಾವನದುರ್ಗದ ಬುಡಕ್ಕೆ ಹೋಗಿ ನೋಡಿ. ಬೆಂಗಳೂರಿನಿಂದ ಕತ್ತಲಲ್ಲೇ ಹೊರಟು ಬಂದ ಕಾರುಗಳು ಸಾಲುಗಟ್ಟಿರುತ್ತವೆ. ಹುಡುಗ ಹುಡುಗಿಯರು ಬೂಟಿನ ಲಾಡಿ ಬಿಗಿದು, ಬೆನ್ನಿಗೆ ಚೀಲ ಏರಿಸಿ, ನುಣುಪು ಬಂಡೆಗೆ ಅಂಗೈ ಊರಿಕೊಂಡು ಮೇಲೆ ಹೋಗುತ್ತಾರೆ. ತುದಿಯಲ್ಲೊಂದು ನಂದಿ ಮಂಟಪ, ಅದರೆದುರು ನಾಲ್ಕು ಫೋಟೊ, ಮತ್ತೆ ಇಳಿತ. ಬಿಸಿಲೇರುವ ಹೊತ್ತಿಗೆ ಬಿಡದಿಯ ತಟ್ಟೆ ಇಡ್ಲಿಯ ಮುಂದೆ ಕೂತಿರುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಇದ್ದರೆ ತುಸು ಹೊಟ್ಟೆಕಿಚ್ಚು, ಅದೂ ಅವರ ಮೊಣಕಾಲುಗಳ ಬಗ್ಗೆ. ಆದರೂ ಒಂದು ಮಾತು: ಬೆಟ್ಟದ ನೆತ್ತಿಯಲ್ಲಿ ನಿಂತವನಿಗೆ ಆ ಬೆಟ್ಟವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕಾಣುತ್ತದೆ.

ನಾನು ಸೈಕಲ್ಲಿನವನು. ಸೈಕಲ್ಲಿಗೆ ಬೆಟ್ಟ ಹತ್ತುವ ಯೋಗ್ಯತೆ ಇಲ್ಲ, ಸುತ್ತುವ ಯೋಗ್ಯತೆ ಧಾರಾಳವಾಗಿದೆ. ಗರ್ಭಗುಡಿಯೊಳಗೆ ಕಾಲಿಡಲಾಗದ ಭಕ್ತ ಪ್ರದಕ್ಷಿಣೆ ಹಾಕಿ ತೃಪ್ತನಾಗುವಂತೆ ನಾನು ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳ ಕಲ್ಲುಬೆಟ್ಟಗಳನ್ನು ಸುತ್ತಿ ಬರುತ್ತೇನೆ. ಸುತ್ತುವವನಿಗೆ ಸಾವನದುರ್ಗ ಒಂದೇ ಬೆಟ್ಟವಲ್ಲ. ಮಂಚನಬೆಲೆ ಜಲಾಶಯದ ಕಡೆಯಿಂದ ಬರುವಾಗ ಒಂದು, ದಾರಿ ಮಾಗಡಿಯತ್ತ ಹೊರಳಿದಾಗ ಇನ್ನೊಂದು. ಕರಿಗುಡ್ಡ, ಬಿಳಿಗುಡ್ಡ ಎಂದು ಅದಕ್ಕೆ ಎರಡು ತಲೆ. ಒಂದು ತಿರುವಿನಲ್ಲಿ ಎರಡೂ ಬೇರೆಬೇರೆ ನಿಂತಿರುತ್ತವೆ, ಮುಂದಿನ ತಿರುವಿನಲ್ಲಿ ಒಂದು ಇನ್ನೊಂದರ ಹಿಂದೆ ಅಡಗಿರುತ್ತದೆ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಈ ಬೆಟ್ಟ ಏಷ್ಯಾದ ಅತಿ ದೊಡ್ಡ ಏಕಶಿಲೆಗಳಲ್ಲೊಂದು ಎಂದು ಫಲಕಗಳು ಸಾರುತ್ತವೆ. ಫಲಕ ಓದದಿದ್ದರೂ ನಷ್ಟವಿಲ್ಲ. ಅರ್ಧ ದಿನ ತುಳಿದ ಮೇಲೂ ಅದೇ ಬಂಡೆ ಪಕ್ಕದಲ್ಲೇ ಇದೆ ಎಂದರೆ ಅದರ ಗಾತ್ರ ತೊಡೆಗೇ ತಿಳಿಯುತ್ತದೆ.

ಈ ಕಲ್ಲಿಗೆ ಲೋಕದ ಭೂವಿಜ್ಞಾನಿಗಳೆಲ್ಲ ಬಲ್ಲ ಹೆಸರಿದೆ: ಕ್ಲೋಸ್‌ಪೇಟೆ ಗ್ರಾನೈಟ್. ಸುಮಾರು 250 ಕೋಟಿ ವರ್ಷದ ಹಿಂದೆ ನೆಲದೊಳಗೆ ಕರಗಿ ಹೆಪ್ಪುಗಟ್ಟಿದ್ದು. ದಕ್ಷಿಣದಿಂದ ಉತ್ತರಕ್ಕೆ ನಾನೂರು ಕಿಲೋಮೀಟರಿನಷ್ಟು ಉದ್ದಕ್ಕೆ ಕರ್ನಾಟಕವನ್ನು ಸೀಳಿಕೊಂಡು ಹೋಗಿದೆ. ರಸ್ತೆ ಅಗಲ ಮಾಡಲು ಕಡಿದ ಕಡೆ ಸೈಕಲ್ ಒರಗಿಸಿ ನೋಡಿದರೆ ಬೂದು ಮೈಯಲ್ಲಿ ಹೆಬ್ಬೆರಳ ಗಾತ್ರದ ನಸುಗೆಂಪು ಹರಳುಗಳು ಕಾಣುತ್ತವೆ. ಕ್ಲೋಸ್‌ಪೇಟೆ ಎಂದರೆ ನಮ್ಮ ರಾಮನಗರವೇ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ದಿವಾನ್ ಪೂರ್ಣಯ್ಯ ಈ ಕಾಡುದಾರಿಗೆ ಕಾವಲಾಗಲೆಂದು ಪೇಟೆ ಕಟ್ಟಿಸಿ, ಮೈಸೂರಿನ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟ. ಊರು ಆ ಹೆಸರನ್ನು ಕಳಚಿಕೊಂಡಿತು, ಕಲ್ಲು ಇನ್ನೂ ಹೊತ್ತಿದೆ. 2025ರಲ್ಲಿ ಜಿಲ್ಲೆಯ ಹೆಸರೂ ಬೆಂಗಳೂರು ದಕ್ಷಿಣವಾಯಿತು. ಬಂಡೆಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಫ್ರಾನ್ಸಿನ ಲ್ವಾರ್ ನದಿಯ ದಂಡೆಯಲ್ಲಿ ಸೈಕಲ್ ತುಳಿಯುವವರಿಗೆ ಗೋಪುರ, ಕಂದಕ, ಎತ್ತುಸೇತುವೆಗಳಿರುವ ಕೋಟೆಗಳು ಸಿಗುತ್ತವಂತೆ. ಅಲ್ಲಿ ನೆಲದ ಮೇಲೆ ಕೋಟೆ ಎದ್ದು ನಿಂತಿದೆ. ಇಲ್ಲಿ ಕಟ್ಟಿದ್ದು ಕಡಿಮೆ. ಮುಕ್ಕಾಲು ಪಾಲು ಕೋಟೆಯನ್ನು ಬಂಡೆಯೇ ಕಟ್ಟಿಟ್ಟಿತ್ತು. ಪಾಳೆಯಗಾರರು ಎರಡು ಬಂಡೆಗಳ ನಡುವಿನ ಸಂದಿಗೆ ಗೋಡೆ ತುಂಬಿ, ಬಾಗಿಲು ಕೂರಿಸಿ, ಮೇಲೆ ನೀರಿನ ದೊಣೆ ನೋಡಿಕೊಂಡರು. ಸಾವನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ಭೈರವದುರ್ಗ, ಎಲ್ಲವೂ ಹೀಗೇ. ಇವುಗಳಲ್ಲಿ ಹೆಚ್ಚಿನವು ಮಾಗಡಿ ಕೆಂಪೇಗೌಡರ ವಂಶದ ಹೆಸರಿನೊಂದಿಗೆ ಹೆಣೆದುಕೊಂಡಿವೆ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನಿಗೆ ಬೆಂಗಳೂರನ್ನು ಬಿಟ್ಟುಕೊಟ್ಟ ಮೇಲೆ ಆ ಮನೆತನ ಮಾಗಡಿಗೆ ಬಂದು ನೆಲೆಸಿತು. 1728ರಲ್ಲಿ ಮೈಸೂರಿನ ದಂಡು ಮಾಗಡಿಯನ್ನೂ ಸಾವನದುರ್ಗವನ್ನೂ ತೆಗೆದುಕೊಂಡು ಕೊನೆಯ ಗೌಡನನ್ನು ಶ್ರೀರಂಗಪಟ್ಟಣದ ಸೆರೆಗೆ ಒಯ್ದಿತು. ಇವತ್ತು ಬೆಂಗಳೂರಿಗೆ ದುಡಿಯಲು ಹೋಗುವ ಮಾಗಡಿಯ ಹುಡುಗರ ಬಸ್ಸು, ಗೌಡರು ಬೆಂಗಳೂರು ಬಿಟ್ಟು ಬಂದ ದಾರಿಯಲ್ಲೇ ಹಿಂದಕ್ಕೆ ದಿನಾ ತುಂಬಿ ಹೋಗುತ್ತದೆ.

ಹತ್ತುವುದಕ್ಕಿಂತ ಸುತ್ತುವುದೇ ಕಷ್ಟ ಎಂಬ ನನ್ನ ವಾದಕ್ಕೆ ಚರಿತ್ರೆಯ ಬೆಂಬಲವೂ ಇದೆ. 1791ರ ಡಿಸೆಂಬರಿನಲ್ಲಿ, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಸಾವನದುರ್ಗಕ್ಕೆ ಬಂದಾಗ ಬುಡದ ಸುತ್ತ ದಟ್ಟ ಬಿದಿರುಮೆಳೆ, ಜ್ವರದ ಕಾಡು. ಅದರೊಳಗೆ ದಾರಿ ಕಡಿದು, ಭಾರಿ ತೋಪುಗಳನ್ನು ಎಳೆದು ತಂದು ನಿಲ್ಲಿಸುವುದಕ್ಕೇ ಒಂದು ವಾರ ಹಿಡಿಯಿತು. ಗೋಡೆ ಒಡೆದ ಮೇಲೆ, 21ನೇ ತಾರೀಖು, ಹತ್ತಿ ಗೆದ್ದದ್ದು ಒಂದು ಗಂಟೆಯೊಳಗೆ. ರಾಮಗಿರಿ, ಶಿವನಗಿರಿ, ಹುತ್ರಿದುರ್ಗಗಳೂ ಅದೇ ವಾರದಲ್ಲಿ ಟಿಪ್ಪುವಿನ ಕೈಬಿಟ್ಟವು. ಆ ದಂಡಿನ ಜೊತೆಯಲ್ಲಿದ್ದ ಚಿತ್ರಕಾರ ರಾಬರ್ಟ್ ಹೋಮ್ ಈ ಬೆಟ್ಟಗಳನ್ನೆಲ್ಲ ಬರೆದಿಟ್ಟ, 1794ರಲ್ಲಿ ಅವು ಪುಸ್ತಕವಾಗಿ ಬಂದವು. ದೂರ ನಿಂತು, ಮುಂದೆ ಮರ, ಹಿಂದೆ ಬಂಡೆ ಎಂದು ಬರೆದ ಆ ಚಿತ್ರಗಳನ್ನು ನೋಡಿದಾಗ ಇವನೂ ಸುತ್ತುವ ಪೈಕಿಯವನೇ ಎಂದು ನನಗೆ ಸಮಾಧಾನ.

ಮಾಗಡಿಗೆ ಹೋಗುವುದಾದರೆ ಅವರೆ ಕಾಲದಲ್ಲೇ ಹೋಗಬೇಕು. ಮಾರ್ಗಶಿರದ ಇಬ್ಬನಿ ಬಿದ್ದ ಮೇಲೆ ಮಾಗಡಿ ಅವರೆಗೆ ಬರುವ ಸೊಗಡು ಬೆರಳಿಗೆ ಹತ್ತಿದರೆ ಸಂಜೆಯವರೆಗೆ ಹೋಗುವುದಿಲ್ಲ. ರಸ್ತೆಯಂಚಿನಲ್ಲಿ ಗೋಣಿತಾಟು ಹಾಸಿ ರಾಶಿ ಸುರಿದುಕೊಂಡ ಹೆಂಗಸರು ದೂರದಿಂದಲೇ ಕೂಗುತ್ತಾರೆ. ಸೈಕಲ್ಲಿನ ಕ್ಯಾರಿಯರ್ರಿಗೆ ಒಂದು ಕೈಚೀಲ ಕಟ್ಟಿಕೊಂಡರೆ, ಮುಂದಿನ ಇಪ್ಪತ್ತು ಕಿಲೋಮೀಟರ್ ಆ ವಾಸನೆ ಹಿಂದೆಯೇ ಬರುತ್ತದೆ. ಯಾವುದಾದರೂ ಹಳ್ಳಿಯ ಚಿಕ್ಕ ಹೋಟೆಲಿನಲ್ಲಿ ರಾಗಿಮುದ್ದೆ, ಹಿತಕಿದ ಅವರೆಬೇಳೆ ಸಾರು ಸಿಕ್ಕಿಬಿಟ್ಟರೆ ಆಮೇಲಿನ ಏರು ಯಾರಿಗೆ ಬೇಕು? ಹೊಂಗೆಮರದ ನೆರಳಲ್ಲಿ ಒಂದು ಗಳಿಗೆ ಕಣ್ಣು ಮುಚ್ಚುವುದೂ ಯಾತ್ರೆಯ ಅಂಗವೇ.

ದಾರಿ ಕೇಳುವ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮೋಟಾರ್ ಬೈಕಿನ ಮೇಲೆ ಕೂತವನನ್ನು ಎಂದೂ ಕೇಳಬಾರದು. ಹುತ್ರಿದುರ್ಗ ಇನ್ನೆಷ್ಟು ದೂರ ಎಂದರೆ, "ಇಲ್ಲೇ ಸಾ, ಕೂಗಳತೆ. ಬರೀ ಇಳುಕಲು" ಎಂದು ಹೇಳಿ ಹೊರಟುಬಿಡುತ್ತಾನೆ. ಅವನು ಸುಳ್ಳುಗಾರನಲ್ಲ; ಇಂಜಿನ್ನು ದಿಣ್ಣೆಗಳನ್ನೆಲ್ಲ ಅವನ ನೆನಪಿನಿಂದ ಅಳಿಸಿಹಾಕಿದೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬರುವ ಅಜ್ಜಿಯನ್ನು ಕೇಳಬೇಕು. "ಆ ಅರಳಿಮರದಗಂಟ ಏರು ಕಣಪ್ಪ. ಆಮ್ಯಾಕೆ ವಸಿ ಇಳುಕಲು. ಕೆರೆ ದಾಟುದ್ರೆ ತಿರುಗಾ ಏರು, ಅದು ಮಾತ್ರ ಜೀವ ತಿಂತದೆ" ಎಂದು ಆಕೆ ಹೇಳಿದರೆ ಒಂದು ಮಾರೂ ತಪ್ಪುವುದಿಲ್ಲ. ಈ ಸೀಮೆಯ ಎತ್ತರ ತಗ್ಗುಗಳ ನಿಜವಾದ ನಕ್ಷೆ ಇರುವುದು ಹೊರೆ ಹೊತ್ತವರ ಕುತ್ತಿಗೆಯಲ್ಲಿ.

ಹುತ್ರಿದುರ್ಗ ತಾಲ್ಲೂಕಿನ ಲೆಕ್ಕದಲ್ಲಿ ಕುಣಿಗಲ್ಲಿಗೆ ಸೇರಿದ್ದು, ಆದರೆ ಮಾಗಡಿಯಿಂದ ಹೋಗುವುದೇ ಚೆಂದ. ಕೋಟೆಯ ಹೊರಬಾಗಿಲು ದಾಟಿದ ಮೇಲೂ ಹೊಲ ಸಿಗುತ್ತದೆ, ಮನೆ ಸಿಗುತ್ತದೆ, ಹುಣಿಸೆಮರಕ್ಕೆ ಕಟ್ಟಿದ ಎಮ್ಮೆ ಸಿಗುತ್ತದೆ. ನಮ್ಮ ದುರ್ಗಗಳಲ್ಲಿ ನನಗೆ ಹೆಚ್ಚು ಹಿಡಿಸುವುದು ಇದೇ. ದೊರೆ ಹೋದ, ಸಿಪಾಯಿ ಹೋದ, ಬುರುಜಿನ ನೆರಳಿನಲ್ಲಿ ರಾಗಿ ಒಕ್ಕಣೆ ನಿಲ್ಲಲಿಲ್ಲ.

ಹೆದ್ದಾರಿಗೆ ಇಳಿದ ಕೂಡಲೇ ಕಾಲ ಬದಲಾಗುತ್ತದೆ. 2023ರ ಆಗಸ್ಟ್ ಒಂದರಿಂದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರಾಕ್ಟರುಗಳ ಜೊತೆಗೆ ಎತ್ತಿನಗಾಡಿ, ಸೈಕಲ್ಲುಗಳಿಗೂ ಪ್ರವೇಶವಿಲ್ಲ. ಎತ್ತಿನಗಾಡಿಯ ಸಹವಾಸ ನನಗೆ ಅವಮಾನವೆನಿಸಲಿಲ್ಲ. ಕಾರುಗಳೆಲ್ಲ ಮೇಲಕ್ಕೆ ಹೋದ ಮೇಲೆ ಹಳೆಯ ಊರೊಳಗಿನ ರಸ್ತೆ ನಮಗೇ ಉಳಿಯಿತು. ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ಬಳಿ ಬೆಳಿಗ್ಗೆ ನಿಂತರೆ ಹಳದಿ, ಬಿಳಿ ಗೂಡುಗಳ ಮೂಟೆಗಳು, ಮುಷ್ಟಿಯಲ್ಲಿ ಗೂಡು ಕುಲುಕಿ ಕಿವಿಗೊಡುವ ರೀಲರುಗಳು, ಮುಖ ಬಿಗಿದುಕೊಂಡ ರೈತರು. ಹಳ್ಳಿಗಳಲ್ಲಿ ಮನೆಯ ಗೋಡೆಗೆ ಚಂದ್ರಿಕೆಗಳನ್ನು, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳನ್ನು, ಆನಿಸಿಟ್ಟಿದ್ದರೆ ಆ ಮನೆಯಲ್ಲಿ ಹುಳ ಹಣ್ಣಾಗುವ ಹೊತ್ತು ಹತ್ತಿರವಾಗಿದೆ ಎಂದರ್ಥ. "ನಾಕನೇ ಜ್ವರ ಎದ್ದವೆ ಸಾ, ಸೊಪ್ಪು ಸಾಲ್ದು" ಎಂದು ಮನೆಯೊಡೆಯ ಬಾಗಿಲಲ್ಲೇ ಮಾತು ಮುಗಿಸುತ್ತಾನೆ. ಜ್ವರವೆಂದರೆ ಹುಳು ಪೊರೆ ಬಿಡುವುದು. ದಾರಿಹೋಕರನ್ನು ಹುಳುಮನೆಯೊಳಗೆ ಬಿಡುವುದಿಲ್ಲ, ಬಿಡಲೂಬಾರದು. ಎಂಟರ ಆಕಾರದಲ್ಲಿ ತಲೆಯಾಡಿಸುತ್ತ ತನ್ನ ಸುತ್ತ ತಾನೇ ನೂರಾರು ಮೀಟರ್ ಎಳೆ ಸುತ್ತಿಕೊಳ್ಳುವ ಆ ಹುಳುವಿನ ಬಗ್ಗೆ ನನಗೆ ವಿಶೇಷ ಗೌರವ. ಅದೂ ನಮ್ಮ ಪೈಕಿಯದೇ.

ರಾಮದೇವರ ಬೆಟ್ಟದ ಬುಡದಲ್ಲಿ ಮಾತ್ರ ಎಲ್ಲರೂ ಕೇಳುವುದು 1975ರ 'ಶೋಲೆ'ಯ ಗಬ್ಬರ್ ಸಿಂಗನನ್ನು. ಅವನಿಗಿಂತ ಮೊದಲಿನಿಂದ ಆ ಬಂಡೆಯ ಗೋಡೆಯಲ್ಲಿ ಸಂಸಾರ ಮಾಡಿಕೊಂಡಿದ್ದ ಉದ್ದಕೊಕ್ಕಿನ ರಣಹದ್ದುಗಳನ್ನು ಕೇಳುವವರು ಕಡಿಮೆ. 2012ರಲ್ಲಿ ಸರ್ಕಾರ ಇದನ್ನು ರಣಹದ್ದುಗಳ ಧಾಮವೆಂದು ಘೋಷಿಸುವ ಹೊತ್ತಿಗೆ, ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಮದ್ದು ದೇಶದ ರಣಹದ್ದುಗಳನ್ನೆಲ್ಲ ಮುಗಿಸುತ್ತ ಬಂದಿತ್ತು. ಸತ್ತ ದನ ತಿಂದ ಹಕ್ಕಿಯ ಮೂತ್ರಪಿಂಡ ಆ ಮದ್ದಿಗೆ ತಡೆಯುವುದಿಲ್ಲ. ಈಗ ಇಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಸೈಕಲ್ ನಿಲ್ಲಿಸಿ, ಕತ್ತು ನೋಯುವವರೆಗೆ ಮೇಲೆ ನೋಡುತ್ತೇನೆ. ಸಿಕ್ಕಿದ ದಿನ ಸಿಕ್ಕಿತು, ಸಿಗದ ದಿನ ಗಿಡುಗವನ್ನೇ ನೋಡಿ ಹೊರಡುತ್ತೇನೆ.

1800ರಲ್ಲಿ ಈ ಸೀಮೆಯನ್ನು ದಾಟಿ ಹೋದ ಬುಕಾನನ್ ಎಂಬ ವೈದ್ಯ ಕಂಡದ್ದನ್ನೆಲ್ಲ ಬರೆದುಕೊಂಡ. ಕುದುರೆ, ಡೋಲಿಗಳ ವೇಗ, ಸೈಕಲ್ಲಿಗಿಂತ ಹೆಚ್ಚೇನಲ್ಲ. ಚನ್ನಪಟ್ಟಣದಲ್ಲಿ ಅವನ ಕಣ್ಣಿಗೆ ಬಿದ್ದದ್ದು ಗಾಜಿನ ಕೆಲಸ, ಮತ್ತು ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿ. ಇಲ್ಲಿಯ ತಂತಿ ದೂರದೂರದ ನಾಡುಗಳಿಗೆ ಹೋಗುತ್ತಿತ್ತು. ತಂತಿಯ ಊರು ಆಮೇಲೆ ಗೊಂಬೆಯ ಊರಾಯಿತು. ಆಲೆಮರದ ತುಂಡು ಲೇತಿನಲ್ಲಿ ಗಿರಗಿರ ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಬಣ್ಣ ಕರಗಿ ಹತ್ತುತ್ತದೆ, ತಾಳೆಗರಿ ಒತ್ತಿದರೆ ಹೊಳಪು ಬರುತ್ತದೆ. ಇನ್ನಷ್ಟು ಮುಂದೆ, ದೊಡ್ಡಮಳೂರಿನಲ್ಲಿ, ಅಪ್ರಮೇಯನ ಗುಡಿಯೊಳಗೆ ಅಂಬೆಗಾಲಿಕ್ಕಿದ ಕೃಷ್ಣ. ಅವನ ಮುಂದೆ ಮಕ್ಕಳಿಗಾಗಿ ಹರಕೆ ಹೊತ್ತವರು ತಂದೊಪ್ಪಿಸಿದ ಪುಟ್ಟ ತೊಟ್ಟಿಲುಗಳು. ಚನ್ನಪಟ್ಟಣದ ಮಕ್ಕಳ ವ್ಯವಹಾರ ದೇವರಿಂದ ಗೊಂಬೆಯವರೆಗೆ ಒಂದೇ ಪೇಟೆಯಲ್ಲಿ ಮುಗಿಯುತ್ತದೆ.

ಚನ್ನಪಟ್ಟಣದಿಂದ ಸಾತನೂರಿನ ಕಡೆಗೆ ತಿರುಗಿದರೆ ಕಬ್ಬಾಳುದುರ್ಗ. ಸುತ್ತಲೂ ಕಡಿದಾದ ಬಂಡೆ. ಹೈದರ್, ಟಿಪ್ಪುವಿನ ಕಾಲದಲ್ಲಿ ಸೆರೆಮನೆಯಾಗಿತ್ತು. ಅಲ್ಲಿಗೆ ಕಳಿಸುವುದೆಂದರೆ ಸಾಯಲು ಕಳಿಸಿದಂತೆಯೇ. ಆ ಬೆಟ್ಟವನ್ನಂತೂ ಹತ್ತದಿರುವುದಕ್ಕೆ ನಾನು ಕಾರಣ ಹುಡುಕಬೇಕಿಲ್ಲ. ಕೆಳಗೆ ಕಬ್ಬಾಳಮ್ಮನ ಗುಡಿಯಲ್ಲಿ ಮಂಗಳವಾರ, ಶುಕ್ರವಾರ ಕಾಲಿಡಲು ಜಾಗವಿರುವುದಿಲ್ಲ. ಸಂಜೆಯಾದ ಮೇಲೆ ಈ ಕಡೆ ಸೈಕಲ್ ತುಳಿಯಬೇಡಿ. ಕಾವೇರಿ ಕಾಡಿನ ಆನೆಗಳು ಇಲ್ಲಿಯವರೆಗೆ ಬರುತ್ತವೆ, ಅವುಗಳಿಗೆ ಬೆಲ್ಲು ಹೊಡೆದು ದಾರಿ ಕೇಳಲಾಗದು.

ಕನಕಪುರದ ರಸ್ತೆಯಲ್ಲಿ ಆನೆಗಿಂತ ಭಯ ಕಲ್ಲಿನ ಲಾರಿಗಳದ್ದು. ಬೆಟ್ಟವೇ ತುಂಡುತುಂಡಾಗಿ ಪಕ್ಕದಲ್ಲಿ ಹಾದುಹೋಗುವಾಗ ಸುತ್ತುವ ಬೆಟ್ಟಗಳು ಕಡಿಮೆಯಾಗುತ್ತಿವೆಯಲ್ಲ ಎಂದು ಎದೆ ಧಸಕ್ಕೆನ್ನುತ್ತದೆ. ಅಲ್ಲೊಂದು ದಿಣ್ಣೆಯಲ್ಲಿ ಇಳಿದು ತಳ್ಳುತ್ತಿದ್ದೆ. ಪಕ್ಕಕ್ಕೆ ಇನ್ನೊಂದು ಸೈಕಲ್ ಬಂತು, ಅದರ ಮೇಲೆ ಹಿಪ್ಪುನೇರಳೆ ಸೊಪ್ಪಿನ ಮೂಟೆ, ಅದರ ಹಿಂದೆ ತಳ್ಳುತ್ತಿದ್ದ ಯಜಮಾನ. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಹಂಚತೊಡಗಿದ ಸೈಕಲ್ಲುಗಳ ಪೈಕಿ ಅದು. ಓದಿದ ಮಕ್ಕಳು ಬೆಂಗಳೂರು ಸೇರಿದರು, ಸೈಕಲ್ಲು ಊರಲ್ಲಿದ್ದು ಸೊಪ್ಪು ಹೊರುತ್ತಿದೆ. ಆತ ನನ್ನದನ್ನು ಮೇಲಿಂದ ಕೆಳಗೆ ನೋಡಿದ.

"ಏಟು ಸಾ ಇದುಕ್ಕೆ?"

ಅರ್ಧ ಬೆಲೆ ಹೇಳಿದೆ.

"ಆ ದುಡ್ಗೆ ಸೀಮೆಹಸೀನ ಕರ ಬತ್ತಿತ್ತಲ್ಲ! ಗೇರು ಏಟವೆ?"

"ಇಪ್ಪತ್ತೊಂದು."

ಆತ ಒಂದಷ್ಟು ದೂರ ಏನೂ ಮಾತಾಡದೆ ಮೂಟೆ ತಳ್ಳಿದ.

"ಇಪ್ಪತ್ತೊಂದಿದ್ರೂವೆ ತಳ್ಕಂಡೇ ಬತ್ತಿದ್ದೀರಲ್ಲ ಸಾ?"