ಸಟ್ಟುಗದ ಸದ್ದು

ನೂಡಲ್ಸ್ ವಿಷಯದಲ್ಲಿ ನಾನು ಪೂರ್ವಗ್ರಹದ ಮನುಷ್ಯ. ಅದಕ್ಕೆ ಕಾರಣ ನಮ್ಮೂರ ಬಸ್‌ಸ್ಟ್ಯಾಂಡಿನ ಎದುರು ಸಂಜೆ ನಿಲ್ಲುವ ಗಾಡಿಗಳು. ಮಧ್ಯಾಹ್ನವೇ ಬೇಯಿಸಿ, ಎಣ್ಣೆ ಸವರಿ ಗುಡ್ಡೆ ಹಾಕಿಟ್ಟ ನೂಡಲ್ಸು, ಮೇಲೊಂದಿಷ್ಟು ಎಲೆಕೋಸು, ವಿನೆಗರು, ಯಾವುದೋ ಕೆಂಪು ಸಾಸು. ತಿಂದ ಮೇಲೆ ರಾತ್ರಿಯಿಡೀ ಅದು ಹೊಟ್ಟೆಯೊಳಗಿನಿಂದ ಮಾತಾಡುತ್ತಲೇ ಇರುತ್ತದೆ. 2024ರಲ್ಲಿ ಸರ್ಕಾರ ಗೋಬಿ ಮಂಚೂರಿಯ ಕೃತಕ ಬಣ್ಣವನ್ನು ನಿಷೇಧಿಸಿದಾಗ, ಪಕ್ಕದಲ್ಲೇ ನಿಂತಿದ್ದ ನೂಡಲ್ಸು ತಪ್ಪಿಸಿಕೊಂಡಿತಲ್ಲ ಎಂದು ನನಗೆ ಬೇಸರವಾಗಿತ್ತು.

ಇಂಥವನನ್ನು ಹೆಂಡತಿಯ ಸಮೇತ ಮಗಳು ಪಿನಾಂಗಿಗೆ ಕರೆಸಿಕೊಂಡಳು. ಮಲೇಷ್ಯಾದ ಆ ದ್ವೀಪದ ಆಗ್ನೇಯ ಭಾಗದ ಬಯಾನ್ ಲೆಪಾಸಿನಲ್ಲಿ ಸಾಲುಸಾಲು ಚಿಪ್ ಕಾರ್ಖಾನೆಗಳಿವೆ, ಅವುಗಳಲ್ಲೊಂದರಲ್ಲಿ ಅವಳಿಗೆ ಕೆಲಸ. ಪಿನಾಂಗ್ ಎಂದರೆ ಮಲಯ ಭಾಷೆಯಲ್ಲಿ ಅಡಿಕೆ ಎಂದು ವಿಮಾನ ನಿಲ್ದಾಣದಲ್ಲೇ ಅವಳು ಹೇಳಿದಾಗ ಅರ್ಧ ಎಕರೆ ಅಡಿಕೆ ತೋಟದ ಯಜಮಾನನಾದ ನನ್ನ ಎದೆ ಉಬ್ಬಿತು. ಅಲ್ಲಿನ ರಾಜ್ಯದ ಬಾವುಟದಲ್ಲೂ ಅಡಿಕೆ ಮರವೇ ಇದೆ. ಕೊಳೆರೋಗಕ್ಕೆ ಅವರೇನು ಹೊಡೆಯುತ್ತಾರೆ ಎಂದು ಯಾರನ್ನಾದರೂ ಕೇಳಬೇಕೆಂದಿದ್ದೆ, ಆಗಲಿಲ್ಲ.

ಮೊದಲ ಸಂಜೆ ಮಗಳು ಒಂದು ಹೆಸರುವಾಸಿ ನೂಡಲ್ಸ್ ಅಂಗಡಿಗೆ ಕರೆದೊಯ್ದಳು. ಗೋಡೆ ತುಂಬ ಪತ್ರಿಕೆಯ ತುಣುಕುಗಳು, ಮುಕ್ಕಾಲು ಗಂಟೆ ಸಾಲು. ಬಂದದ್ದು ಸಿಹಿಸಿಹಿ ಮುದ್ದೆ. "ಹ್ಞಾಂ, ಚೆನ್ನಾಗಿದೆ" ಎಂದೆ. ಮಗಳಿಗೆ ನನ್ನ "ಹ್ಞಾಂ" ಗೊತ್ತು.

ಎರಡನೆಯ ಸಂಜೆ ನಾವು ಜಾರ್ಜ್ ಟೌನಿನ ಚೂಲಿಯಾ ಬೀದಿಯ ಆಸುಪಾಸು ಅಲೆಯುತ್ತಿದ್ದೆವು. ಒಂದು ಅಡ್ಡ ಓಣಿಯಿಂದ ಸದ್ದು ಬಂತು. ಟಣ್‌ಟಣ, ಟಣ್, ಕ್ಷಣ ಮೌನ, ಮತ್ತೆ ಟಣ್‌ಟಣ. ಸಣ್ಣಂದಿನಿಂದ ರಾತ್ರಿಗಟ್ಟಲೆ ಯಕ್ಷಗಾನದ ಆಟ ನೋಡಿ ಚೆಂಡೆ ಕೇಳಿದ ಕಿವಿ ನನ್ನದು. ಕೈ ಪಳಗಿದವನ ಪೆಟ್ಟು ಯಾವುದು, ಸುಮ್ಮನೆ ಬಡಿಯುವವನದು ಯಾವುದು ಎಂದು ಅಷ್ಟಿಷ್ಟು ತಿಳಿಯುತ್ತದೆ. ಮೂಗಿಗಿಂತ ಮೊದಲು ಕಿವಿಯೇ ನನ್ನನ್ನು ಆ ಓಣಿಯೊಳಗೆ ಎಳೆದುಕೊಂಡು ಹೋಯಿತು.

ಹಳೆಯ ಕಾಫಿ ಅಂಗಡಿಯ ಜಗಲಿಗೆ ಒರಗಿಸಿದ ಒಂದು ಗಾಡಿ. ಬೋರ್ಡಿನ ಚೀನೀ ಅಕ್ಷರ ಅರ್ಧ ಅಳಿಸಿಹೋಗಿತ್ತು. ಬಾಣಲೆಯ ಮುಂದೆ ಅರವತ್ತು ದಾಟಿದ ಹೆಂಗಸು, ಕುತ್ತಿಗೆಗೆ ಟವೆಲು, ಬಲ ಹೆಗಲಿಗೆ ನೋವಿನ ಪಟ್ಟಿ. ಎಲ್ಲರೂ ಅವರನ್ನು "ಆಂಟಿ" ಎನ್ನುತ್ತಿದ್ದರು. ಈ ಒಂದು ಶಬ್ದಕ್ಕೆ ಪಾಸ್‌ಪೋರ್ಟೇ ಬೇಡವೇನೋ. ಕೆಳಗೆ ಇದ್ದಿಲು, ಅದಕ್ಕೆ ಗಾಳಿಯೂದುವ ಪುಟ್ಟ ಫ್ಯಾನು.

ತಿನಿಸಿನ ಹೆಸರು ಚಾರ್ ಕ್ವೇ ತಿಯಾವ್. ಚಾರ್ ಎಂದರೆ ಹುರಿದದ್ದು, ಕ್ವೇ ತಿಯಾವ್ ಎಂದರೆ ಅಕ್ಕಿ ಹಿಟ್ಟಿನ ಹಾಳೆಯನ್ನು ಬೆರಳಗಲಕ್ಕೆ ಕತ್ತರಿಸಿದ ಪಟ್ಟಿ. ಅಂದರೆ ಇದು ಮೈದಾ ಸಂತಾನವಲ್ಲ, ನಮ್ಮ ಒತ್ತು ಶ್ಯಾವಿಗೆಯ ದಾಯಾದಿ. ನನ್ನ ಪೂರ್ವಗ್ರಹ ಅಲ್ಲೇ ಅರ್ಧ ಸಡಿಲಿತು.

ನಾನು ಗಾಡಿಯ ಪಕ್ಕವೇ ನಿಂತು ನೋಡಿದೆ. ಹೊಗೆಯೇಳುವ ಬಾಣಲೆಗೆ ಒಂದು ಸೌಟು ಕೊಬ್ಬು, ಚಿಟಿಕೆ ಬೆಳ್ಳುಳ್ಳಿ, ನಾಲ್ಕು ಸಿಗಡಿ. ಮೇಲೆ ಒಂದು ಹಿಡಿ ಅಕ್ಕಿ ಪಟ್ಟಿ. ಬಾಟಲಿಯಿಂದ ಸೋಯಾ ನೀರು ಎರಚಿದಾಗ ಜುಂಯ್ ಎಂದು ಆವಿ ಎದ್ದು ಆಂಟಿಯ ಮುಖ ಮಾಯ. ಸಟ್ಟುಗದಿಂದ ಎಲ್ಲವನ್ನೂ ಒಂದು ಬದಿಗೆ ಒತ್ತಿ, ಖಾಲಿಯಾದ ಜಾಗದಲ್ಲಿ ಮೊಟ್ಟೆ ಒಡೆದು, ಅದು ಅರೆಗಟ್ಟಿಯಾಗುವಷ್ಟರಲ್ಲಿ ಪಟ್ಟಿಗಳನ್ನು ಅದರ ಮೇಲೆ ಮಗುಚಿದರು. ಮೆಣಸಿನ ಅರೆಪು, ಮೊಳಕೆ ಕಾಳು, ಬೆಳ್ಳುಳ್ಳಿ ವಾಸನೆಯ ಹುಲ್ಲಿನಂಥ ಸೊಪ್ಪು. ಕೊನೆಗೆ ಒಂದು ಚಮಚ ಚಿಪ್ಪಿನ ಮಾಂಸ. ನಮ್ಮ ಮರುವಾಯಿಯ ಅಣ್ಣತಮ್ಮಂದಿರು! ಅವು ಬೆಂಕಿಯ ಮುಖ ನೋಡಿದವೋ ಇಲ್ಲವೋ, ಎಲ್ಲ ತಟ್ಟೆಗೆ ಬಿತ್ತು. ತಟ್ಟೆಯ ಮೇಲೆ ಬಾಳೆಲೆಯ ತುಂಡು. ಬಿಸಿ ತಾಗಿ ಬಾಡಿದ ಬಾಳೆಯ ಪರಿಮಳ ಬಂದಾಗ, ಇವರಿಗೂ ನಮಗೂ ಎಲ್ಲೋ ಬೀಗತನವಿದೆ ಎನ್ನಿಸಿತು.

ಒಟ್ಟು ಎರಡು ನಿಮಿಷ. ಆಮೇಲೆ ಬಾಣಲೆ ಉಜ್ಜಿ, ಮತ್ತೆ ಕಾಯಿಸಿ, ಮತ್ತೆ ಒಂದೇ ತಟ್ಟೆ. ನನ್ನ ಹಿಂದಿದ್ದ ತರುಣನಿಗೆ ಐದು ಬೇಕಿತ್ತು. ಎಲ್ಲ ಒಟ್ಟಿಗೆ ಹುರಿದುಬಿಡಿ ಎಂದು ಕೈಯಾಡಿಸಿ ಹೇಳಿರಬೇಕು. ಆಂಟಿ ತಲೆಯೆತ್ತದೆ ಸಟ್ಟುಗದಿಂದ ಕುರ್ಚಿ ತೋರಿಸಿದರು. ಅವನು ಹೋಗಿ ಕೂತ.

ಗುಟ್ಟು ಅಲ್ಲೇ ಇದೆ. ಈ ಹದಕ್ಕೆ ಕ್ಯಾಂಟನೀಸ್ ಜನ ವಾಕ್ ಹೇ, ಬಾಣಲೆಯ ಉಸಿರು, ಎನ್ನುತ್ತಾರಂತೆ. ಕಾದ ಕಬ್ಬಿಣಕ್ಕೆ ಸ್ವಲ್ಪವೇ ಹಾಕಿದರೆ ನೀರು ತಟ್ಟನೆ ಆವಿಯಾಗುತ್ತದೆ, ಅಂಚುಗಳು ಕಂದುತ್ತವೆ, ಹಾರಿದ ಎಣ್ಣೆಯ ಹನಿ ಹೊತ್ತಿ ಹೊಗೆಯ ರುಚಿ ಹತ್ತುತ್ತದೆ. ಹೆಚ್ಚು ಸುರಿದರೆ ಬಾಣಲೆ ತಣಿದು, ಹುರಿಯಬೇಕಾದದ್ದು ಬೇಯತೊಡಗುತ್ತದೆ. ದೋಸೆ ಕಾವಲಿ ತಣಿದರೆ ಏನಾಗುತ್ತದೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದಿನ ದಿನದ ಹೆಸರುವಾಸಿ ಬಾಣಲೆಯಲ್ಲಿ ಆರು ತಟ್ಟೆಯದು ಒಟ್ಟಿಗೆ ಹೊರಳುತ್ತಿದ್ದದ್ದು ಆಗ ನೆನಪಾಯಿತು.

ತಿಂದೆ. ಪಟ್ಟಿಗಳು ಒಂದಕ್ಕೊಂದು ಅಂಟಿರಲಿಲ್ಲ. ಸುಟ್ಟ ವಾಸನೆ, ಆದರೆ ಸೀದದ್ದಲ್ಲ. ನಡುನಡುವೆ ಕರುಂ ಎನ್ನುವ ಏನೋ ಚೂರು.

"ಇದೆಂತದು?"

"ಅಪ್ಪ, ತಿಂದಾದ ಮೇಲೆ ಹೇಳ್ತೇನೆ."

ನಮ್ಮ ಮನೆಯಲ್ಲಿ ಹಂದಿ ನಡೆಯುವುದಿಲ್ಲ. ಆದರೆ ನನ್ನ ತಟ್ಟೆ ಆಗಲೇ ಖಾಲಿಯಾಗಿತ್ತು, ವಿಚಾರಣೆಗೆ ಸಾಕ್ಷ್ಯವೇ ಉಳಿದಿರಲಿಲ್ಲ. ಚೀನಾದ ಚಾವೋಝೌ ಕಡೆಯಿಂದ ಬಂದವರ ಅಡುಗೆ ಇದು. ಮೀನು ಹಿಡಿಯುವವರು, ಚಿಪ್ಪು ಆಯುವವರು ಸಂಜೆ ನಾಲ್ಕು ಕಾಸು ಹೆಚ್ಚಿಗೆ ಸಂಪಾದಿಸಲು ಹುರಿದು ಮಾರುತ್ತಿದ್ದರಂತೆ. ಮೂಟೆ ಹೊತ್ತು ದಣಿದ ಮೈಗೆ ಅಗ್ಗದಲ್ಲಿ ಕಸುವು ಸಿಗಬೇಕಲ್ಲ, ಅದಕ್ಕೇ ಆ ಕೊಬ್ಬು. ನಾನು ಯಾವ ಮೂಟೆಯನ್ನೂ ಹೊತ್ತವನಲ್ಲ. ಆದರೂ ಇನ್ನೊಂದು ತಟ್ಟೆಗೆ ಸಾಲು ನಿಂತೆ. 8 ರಿಂಗಿಟ್, ಆಗಿನ ನಮ್ಮ ಲೆಕ್ಕದಲ್ಲಿ ನೂರೈವತ್ತು ರೂಪಾಯಿಯ ಹತ್ತಿರ. ಅಂದು ಸೋಮವಾರವಾದ್ದರಿಂದ ನನ್ನ ಹೆಂಡತಿ ಮಾತ್ರ, ಬಟ್ಟೆಯ ಚೀಲದಲ್ಲಿ ಸೋಸಿದ ಕಪ್ಪು ಕಾಫಿ ಹೀರುತ್ತ, ಜಾತಿಗೆಟ್ಟ ಗಂಡನನ್ನು ನೋಡುತ್ತಿದ್ದಳು.

ಊರಿಗೆ ಹೊರಡುವಾಗ ಮಗಳು ಒಣಗಿದ ಅಕ್ಕಿ ಪಟ್ಟಿಯ ಎರಡು ಪೊಟ್ಟಣ ಪೆಟ್ಟಿಗೆಗೆ ತುರುಕಿದಳು. ಭಾವಮೈದನ ಸಂಸಾರ ಬಂದಿದ್ದ ಒಂದು ಭಾನುವಾರ ನಾನು ಅಡುಗೆಮನೆಗೆ ಇಳಿದೆ. ಒಂದೊಂದೇ ತಟ್ಟೆ ಹುರಿಯುತ್ತೇನೆಂದು ಘೋಷಿಸಿ, ಹಂದಿಯ ಕೊಬ್ಬಿನ ಬದಲಿಗೆ ತೆಂಗಿನೆಣ್ಣೆ ಕಾಯಿಸಿದೆ. ಮೊದಲ ತಟ್ಟೆ ಇನ್ನೂ ಬಾಣಲೆಯಲ್ಲಿರುವಾಗಲೇ "ಏಳು ಜನ ಕಾಯ್ತಾ ಇದ್ದಾರೆ, ಹೀಗಾದರೆ ನಾಳೆ ಬೆಳಗಾದೀತು" ಎಂದು ಹೆಂಡತಿ ಉಳಿದ ಪಟ್ಟಿಯನ್ನೆಲ್ಲ ಒಂದೇ ಸಲ ಸುರಿದಳು. ಟಣ್‌ಟಣ ನಿಂತು ಬುಳುಬುಳು ಶುರುವಾಯಿತು.

ಭಾವಮೈದ ಎರಡು ತುತ್ತು ತಿಂದು ತುಸು ಹೊತ್ತು ಯೋಚಿಸಿದ.

"ಅಕ್ಕ, ಶ್ಯಾವಿಗೆ ಉಪ್ಪಿಟ್ಟು ಪರವಾಗಿಲ್ಲ. ಮಿಡಿ ಉಪ್ಪಿನಕಾಯಿ ಇದೆಯಾ?"