ಬಣ್ಣ ಬಳಿದರೆ ಸಾಲದು

ಹಳೇ ಡೀಸೆಲ್ ಎಂಜಿನ್‌ಗೆ ಬಣ್ಣ ಬಳಿದು ಸ್ಟೇಷನ್ ಮುಂದೆ ನಿಲ್ಲಿಸಿದರೆ ಅದು ಉಳಿದಂತಲ್ಲ. ಓಡಬೇಕು.

ಅಮೆರಿಕದ ಆಲ್ಕೋ ವಿನ್ಯಾಸದ ಡಬ್ಲ್ಯುಡಿಎಂ-2 ನೋಡಿ: 16 ಸಿಲಿಂಡರು, 2600 ಅಶ್ವಶಕ್ತಿ. 1964ರಿಂದ ವಾರಾಣಸಿಯಲ್ಲೇ ತಯಾರಾಗಿ ದಶಕಗಳ ಕಾಲ ಗೂಡ್ಸು, ಎಕ್ಸ್‌ಪ್ರೆಸ್ಸು ಎರಡನ್ನೂ ಎಳೆದದ್ದು. ವರ್ಷಗಟ್ಟಲೆ ನಿಂತ ಇಂಥದ್ದನ್ನು ಏಕಾಏಕಿ ಸ್ಟಾರ್ಟ್ ಮಾಡುವಂತಿಲ್ಲ. ಸಿಲಿಂಡರಿನೊಳಗೆ ನೀರು ಸೇರಿದ್ದರೆ? ನೀರು ಒತ್ತಡಕ್ಕೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತದೆ. ಹಾಗಾಗಿ ಮೊದಲು ಸಿಲಿಂಡರುಗಳ ಕಾಕುಗಳನ್ನು, ಅಂದರೆ ಪುಟ್ಟ ಕವಾಟಗಳನ್ನು, ತೆರೆದಿಟ್ಟು, ಕ್ರ್ಯಾಂಕ್‌ಶಾಫ್ಟನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸಿ ನೋಡಬೇಕು. ಬೇರಿಂಗುಗಳಿಗೆ ಎಣ್ಣೆ ಹರಿಸಬೇಕು. ಆಮೇಲೆ ಜನರೇಟರು, ಚಕ್ರ ತಿರುಗಿಸುವ ಆರು ಟ್ರ್ಯಾಕ್ಷನ್ ಮೋಟಾರುಗಳ ಸರದಿ. ಇನ್ಸುಲೇಷನ್‌ಗೆ ತೇವ ಹಿಡಿದಿದೆಯೇ ಅಂತ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರು) ಹಚ್ಚಿ ನೋಡಬೇಕು. ಹಿಡಿದಿದ್ದರೆ ಪೂರ್ತಿ ಒಣಗಿಸದೆ ಕರೆಂಟ್ ಕೊಡುವ ಹಾಗೇ ಇಲ್ಲ.

ಈ ವಿದ್ಯೆ ಅರ್ಧ ಕೈಪಿಡಿಯಲ್ಲಿದೆ. ಇನ್ನರ್ಧ ಇರುವುದು ನಮ್ಮ ಕೃಷ್ಣರಾಜಪುರದಂಥ ಡೀಸೆಲ್ ಶೆಡ್ಡುಗಳಲ್ಲಿ ದುಡಿದ ಫಿಟ್ಟರುಗಳ ಕೈಯಲ್ಲಿ. ಸದ್ದು ಕೇಳಿಯೇ ಯಾವ ಸಿಲಿಂಡರು ಕೈಕೊಟ್ಟಿದೆ ಅಂತ ಗುರುತಿಸುವ ಜನ ಅವರು. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಅಂಥ ಹಿರಿಯರಿದ್ದರೆ ದಯವಿಟ್ಟು ಕೂರಿಸಿಕೊಂಡು ಕೇಳಿ, ರೆಕಾರ್ಡ್ ಮಾಡಿಡಿ.