ಅಡಕೆಯ ಅಂಗಳದಲ್ಲಿ ಕಾರಿಗೆ ಬಣ್ಣ

ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಕಡೆಯ ಮನೆಗಳಲ್ಲಿ ಅಂಗಳಕ್ಕೆ ಬಿಡುವೆಂಬುದು ಕಡಿಮೆ. ಮಳೆ ನಿಂತೊಡನೆ ಹುಲ್ಲು ಹೆರೆದು, ನೆಲ ತಟ್ಟಿ, ಸೆಗಣಿ ಸಾರಿಸಿ ಅಣಿಗೊಳಿಸಿದ ಅಂಗಳದಲ್ಲಿ ಹಣ್ಣಡಕೆ ಹರಡುತ್ತಾರೆ. 40–45 ದಿನಗಳ ಬಿಸಿಲು ಕಂಡ ಮೇಲೆ ಅದು ಸುಲಿದು ಚಾಲಿಯಾಗಿಸಲು ಯೋಗ್ಯವಾಗುತ್ತದೆ. ಒಂದು ಕೊಯ್ಲಿನದು ಒಣಗುವಷ್ಟರಲ್ಲಿ ಮತ್ತೊಂದು ಕೊಯ್ಲು ಬಂದು ಬೀಳುವುದು. ಮದುವೆಯ ಚಪ್ಪರಕ್ಕೂ ಉಪನಯನದ ಊಟಕ್ಕೂ ಅದೇ ಅಂಗಳ. ಇಂತಹ ಅಂಗಳದ ಪಾಲಿಗೆ ಕಳೆದ ಮಕರ ತಿಂಗಳಲ್ಲಿ ಒಂದು ಹೊಸ ಕೆಲಸ ಬಂದಿತು. ನಮ್ಮ ಹಳೆಯ ಅಂಬಾಸಿಡರ್ ಕಾರಿಗೆ ಅಲ್ಲಿಯೇ ಬಣ್ಣ ಹಚ್ಚುವುದೆಂದು ನಿಶ್ಚಯವಾಯಿತು.

ತಂದೆಯವರು ಆ ಕಾರನ್ನು 1996ರಲ್ಲಿ ಕೊಂಡಿದ್ದರು. ಅದನ್ನು ತಯಾರಿಸುವುದೇ 2014ರಲ್ಲಿ ನಿಂತುಹೋಯಿತು. ಮೊದಲ ಹದಿನೈದು ವರ್ಷಗಳು ಕಳೆದ ಮೇಲೆ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಗಳಿಗೊಮ್ಮೆ ನವೀಕರಿಸಬೇಕಷ್ಟೆ. ಪ್ರತಿ ಸಲವೂ ಗಾಡಿಯನ್ನು ಕೊಂಡೊಯ್ದು ಅಧಿಕಾರಿಗಳ ಎದುರು ನಿಲ್ಲಿಸಬೇಕು. ಬಾಗಿಲುಗಳ ಅಡಿ ತುಕ್ಕು ಹಿಡಿದು, ಮುಂಭಾಗದ ತಳ ತೂತುಬಿದ್ದ ಸ್ಥಿತಿಯಲ್ಲಿ ಅದನ್ನು ಒಯ್ಯುವಂತಿರಲಿಲ್ಲ. ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ವಿಚಾರಿಸಿದಾಗ ಹೇಳಿದ ಮೊತ್ತ ಕಾರನ್ನು ಮಾರಿದರೆ ಬರುವುದಕ್ಕಿಂತ ಹೆಚ್ಚಾಗಿತ್ತು. ಗುಜರಿಗೆ ಕೊಟ್ಟುಬಿಡುವುದೆಂದು ಅಣ್ಣನ ಅಭಿಪ್ರಾಯ. ತಾಯಿಯವರು ಏನನ್ನೂ ಹೇಳಲಿಲ್ಲ. ತಂದೆಯವರನ್ನು ಕಡೆಯ ಬಾರಿ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದುದು ಆ ಕಾರಿನಲ್ಲಿಯೇ. ಆದುದರಿಂದ ಅವರ ಮೌನದ ಅರ್ಥವನ್ನು ನಾವು ಬೇರೆ ಕೇಳಿ ತಿಳಿಯಬೇಕಾಗಿರಲಿಲ್ಲ.

ನಮ್ಮ ಕಡೆ ಕಾರಿಗೆ ಬಣ್ಣವೆಂದರೆ ಮನೆಗೆ ಮಾಡು ಇದ್ದಂತೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಿದು, ಅದರಲ್ಲಿಯೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಚಕ್ರಗಳು ಎರಚುವ ಕೆಂಪು ಕೆಸರು ಮಡ್‌ಗಾರ್ಡಿನ ಒಳಮಗ್ಗುಲಿಗೆ ಮೆತ್ತಿಕೊಂಡು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಬಾಗಿಲಿನ ಗಾಜಿನ ಸಂದಿಯಿಂದ ಒಳಗಿಳಿದ ನೀರು ಹೊರಹೋಗಲೆಂದು ಬಾಗಿಲಿನ ತಳದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿಹೋದರೆ ಕಬ್ಬಿಣ ಒಳಗಿನಿಂದ ಸವೆಯತೊಡಗುವುದು. ಹೊರಗೆ ಬಣ್ಣದ ಗುಳ್ಳೆ ಕಾಣಿಸುವಾಗ ಒಳಗಿನ ಕೆಲಸ ಮುಗಿದಿರುತ್ತದೆ. ಕಡಲಿಗೆ ಹತ್ತಿರದ ಕುಂಬಳೆ, ಉಪ್ಪಳಗಳಲ್ಲಾದರೆ ಉಪ್ಪಿನ ಗಾಳಿಯೂ ಇದಕ್ಕೆ ಸೇರಿಕೊಳ್ಳುತ್ತದೆ.

ಬಣ್ಣ ಕೊಳ್ಳಲು ಮಂಗಳೂರಿಗೆ ಹೋದದ್ದು ಆ ಕಡಲ ದಾರಿಯಾಗಿಯೇ. ಟ್ರಾಲಿಂಗ್ ನಿಷೇಧವಿರುವ ಮಳೆಗಾಲದ 52 ದಿನಗಳಲ್ಲಿ ಮೀನುಗಾರರು ದೋಣಿಗಳನ್ನು ದಡಕ್ಕೇರಿಸಿ, ಕೆರೆದು, ಬಣ್ಣ ಬಳಿಯುವುದನ್ನು ಈ ದಾರಿಯಲ್ಲಿ ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ. ಕೆರೆಯುವುದಕ್ಕೆ ಅವರು ತೆಗೆದುಕೊಳ್ಳುವ ಸಮಯ ಬಳಿಯುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಮಂಜೇಶ್ವರ ಕಳೆದು ತಲಪಾಡಿಯ ಗಡಿ ದಾಟಿದರೆ ಕರ್ನಾಟಕ. ಮಂಗಳೂರಿನಲ್ಲಿ ಬಣ್ಣದಂಗಡಿಯ ಎದುರು ಕಾರು ನಿಲ್ಲಿಸಿದಾಗ ಅಂಗಡಿಯವರು ನಂಬರ್ ಪ್ಲೇಟಿನ ಕೆ.ಎಲ್. 14 ಕಂಡು ಮಲೆಯಾಳದಲ್ಲಿ ಬರಮಾಡಿಕೊಂಡರು. ನಾನು ಕನ್ನಡದಲ್ಲಿ ಉತ್ತರಿಸಿದೆ. ಅವರು ಕ್ಷಣಕಾಲ ತಡೆದು ತುಳುವಿಗೆ ಹೊರಳಿದರು. ಗಡಿಯ ಓದುಗರಿಗೆ ಇದು ಹೊಸ ಅನುಭವವೇನೂ ಅಲ್ಲ. ಕಾರಿನ ಬಣ್ಣವನ್ನಾದರೂ ಅರ್ಜಿ ಕೊಟ್ಟು ಬದಲಿಸಿಕೊಳ್ಳಬಹುದು, ಆ ಎರಡು ಅಕ್ಷರಗಳು ಮಾತ್ರ ಮನೆಯಿರುವಲ್ಲಿಯವೇ. ನಾವು ಬಣ್ಣವನ್ನೂ ಬದಲಿಸಲಿಲ್ಲ. ನೋಂದಣಿ ಪುಸ್ತಕದಲ್ಲಿ ಬಿಳಿಯೆಂದಿದೆ. ಬೇರೆ ಬಣ್ಣ ಹಚ್ಚಿದರೆ ಸಾರಿಗೆ ಕಛೇರಿಯಲ್ಲಿ ಅದನ್ನು ದಾಖಲಿಸಬೇಕಾಗುತ್ತದೆ. ಅದಲ್ಲದೆ ಹೊಸಬರ ಕೈಗೆ ಬಿಳಿಯೇ ಸುಲಭ. ಕಪ್ಪು ಬಣ್ಣದಲ್ಲಿ ತಗಡಿನ ಪ್ರತಿಯೊಂದು ಉಬ್ಬುತಗ್ಗೂ ಕನ್ನಡಿಯಲ್ಲಿ ಕಂಡಂತೆ ಕಾಣುವುದು. ಮಿನುಗುವ ಮೆಟಾಲಿಕ್ ಬಣ್ಣಗಳು ಕೈಯ ವೇಗ ತುಸು ಬದಲಾದರೂ ಪಟ್ಟೆಪಟ್ಟೆಯಾಗುವುವು.

ಯಾವ ಜಾತಿಯ ಬಣ್ಣವೆಂಬುದು ಮುಂದಿನ ಪ್ರಶ್ನೆ, ಮತ್ತು ಅತ್ಯಂತ ಮುಖ್ಯವಾದ ಪ್ರಶ್ನೆ. ಇಂದು ವರ್ಕ್‌ಶಾಪುಗಳಲ್ಲಿ ಹಾರ್ಡನರ್ ಬೆರೆಸಿ ಹೊಡೆಯುವ ಪಿ.ಯು. ಬಣ್ಣವೇ ಹೆಚ್ಚು ಬಳಕೆಯಲ್ಲಿದೆ. ಅದರ ಹೊಳಪೂ ಬಾಳಿಕೆಯೂ ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಹಾರ್ಡನರಿನಲ್ಲಿರುವ ಐಸೊಸಯನೇಟ್ ಎಂಬ ವಸ್ತು ಮಂಜಾಗಿ ಶ್ವಾಸಕೋಶಕ್ಕೆ ಇಳಿದರೆ ಮನುಷ್ಯನಿಗೆ ಹೊಸದಾಗಿ ಉಬ್ಬಸ ಅಂಟಬಹುದು. ಒಮ್ಮೆ ದೇಹ ಅದನ್ನು ಸಹಿಸದಂತಾದರೆ ಮುಂದೆ ಅತ್ಯಲ್ಪ ಪ್ರಮಾಣವೂ ಸಾಕಾಗುತ್ತದೆ. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖಗವಸು, ಮುಚ್ಚಿದ ಕೋಣೆ, ಗಾಳಿ ಸೋಸಿ ಹೊರಹಾಕುವ ಏರ್ಪಾಡು ಇವಿಲ್ಲದ ಮನೆಯಂಗಳದಲ್ಲಿ ಅದನ್ನು ಮುಟ್ಟಕೂಡದೆಂದು ನನ್ನ ಖಚಿತ ಅಭಿಪ್ರಾಯ. ತಾಯಿಯವರಿಗೆ ಮೊದಲೇ ಉಬ್ಬಸವಿರುವ ನಮ್ಮ ಮನೆಯಲ್ಲಂತೂ ಅದರ ಮಾತೇ ಬರಲಿಲ್ಲ. ಗಾಳಿಯಲ್ಲಿ ಬಿಟ್ಟ ಮಂಜು ಎಲ್ಲಿ ಹೋಗಿ ಇಳಿಯುತ್ತದೆಂಬುದನ್ನು ಎಣ್ಮಕಜೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಇಲ್ಲಿಯ ಗುಡ್ಡಗಳ ಗೇರುತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಯಿತು. ಪಡ್ರೆಯ ಮನೆಗಳಲ್ಲಿ ಹಾಸಿಗೆ ಹಿಡಿದವರ ಪಾಲಿಗೆ ಆ ತೀರ್ಪು ಬಂದಾಗ ಬಹಳ ತಡವಾಗಿತ್ತು.

ಆದುದರಿಂದ ಹಳೆಯ ಕಾಲದ ಎನ್.ಸಿ. ಬಣ್ಣವನ್ನೇ, ಎಂದರೆ ನೈಟ್ರೊಸೆಲ್ಯುಲೋಸ್ ಬಣ್ಣವನ್ನೇ ತಂದೆವು. ಅದು ಕೆಲವೇ ನಿಮಿಷಗಳಲ್ಲಿ ಆರುವುದರಿಂದ ಅಂಗಳದ ಧೂಳು ಕೂರುವುದಕ್ಕೆ ಅವಕಾಶ ಕಡಿಮೆ. ಗಂಟೆಗಟ್ಟಲೆ ಹಸಿಯಾಗಿರುವ ಎನಾಮಲ್ ಬಣ್ಣಕ್ಕಾದರೆ ತೋಟದ ಹುಳಗಳೆಲ್ಲ ಬಂದು ಅಂಟಿಕೊಳ್ಳುವುವು. ಎನ್.ಸಿ.ಯೂ ನಿರಪಾಯವೆಂದು ತಿಳಿಯಬಾರದು. ಅದರ ಥಿನ್ನರ್ ಬೆಂಕಿಗೆ ಬಹು ಬೇಗ ಈಡಾಗುತ್ತದೆ; ಒಲೆ, ಬೀಡಿ, ಕಿಡಿ ಹಾರಿಸುವ ಸ್ವಿಚ್ಚು ಯಾವುದೂ ಹತ್ತಿರ ಸುಳಿಯಬಾರದು. ಬಟ್ಟೆಯ ಮುಖವಸ್ತ್ರ ಅದರ ಆವಿಯನ್ನು ತಡೆಯದು, ಇದ್ದಿಲು ತುಂಬಿದ ಕಾರ್ಟ್ರಿಜ್ ಉಳ್ಳ ಮಾಸ್ಕ್ ಬೇಕು. ತಾಯಿಯವರನ್ನು ವಿಟ್ಲದಲ್ಲಿರುವ ತಂಗಿಯ ಮನೆಗೆ ಬಿಟ್ಟುಬಂದೆವು. ಒಣಗುತ್ತಿದ್ದ ಅಡಕೆಯನ್ನು ಗೋಣಿಗಳಲ್ಲಿ ತುಂಬಿ ಹಿಂದಿನ ಕೊಟ್ಟಿಗೆಗೆ ಸಾಗಿಸಿದೆವು. ಬಾಯಿಗೆ ಹಾಕುವ ಪದಾರ್ಥದ ಮೇಲೆ ಬಣ್ಣದ ಮಂಜು ಬೀಳಬಾರದಷ್ಟೆ.

ಇನ್ನು ಉಜ್ಜುವ ಪರ್ವ. ತಗಡು ತೂತಾದಲ್ಲಿ ಪುಟ್ಟಿ ಮೆತ್ತಿ ಮುಚ್ಚುವುದು ಕಣ್ಣಿಗೆ ಮಣ್ಣೆರಚಿದಂತೆ. ಮೊದಲ ಮಳೆಗೇ ಅದು ಕಳಚಿಬೀಳುತ್ತದೆ. ಪೆರ್ಲದ ಟಿಂಕರಿಂಗ್ ಕೆಲಸದವರೊಬ್ಬರು ಬಂದು ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆದುಕೊಟ್ಟರು. ಅಷ್ಟು ಮಾತ್ರ ಹೊರಗಿನವರ ಕೆಲಸ. ತರುವಾಯ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಹಳೆಯ ಬಣ್ಣವನ್ನು ಒಂದು ಮೂಲೆಯಲ್ಲಿ ತಿಕ್ಕಿ ನೋಡಿದೆವು. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದೂ ಎನ್.ಸಿ. ಜಾತಿಯದು, ಸುಕ್ಕುಗಟ್ಟಿ ಎದ್ದರೆ ಎನಾಮಲ್, ಅದರ ಮೇಲೆ ಎನ್.ಸಿ. ಹೊಡೆದರೆ ಇಡೀ ಬಾಗಿಲು ಹಪ್ಪಳದಂತೆ ಏಳುವುದು. ನಮ್ಮದು ಕರಗಿತು. ತುಕ್ಕು ಹಿಡಿದಲ್ಲೆಲ್ಲ 80ನೇ ನಂಬರಿನ ಕಾಗದದಿಂದ ಹೊಳೆಯುವ ಕಬ್ಬಿಣ ಕಾಣುವವರೆಗೆ ತಿಕ್ಕಬೇಕು, ಮತ್ತು ತಿಕ್ಕಿದ ಜಾಗಕ್ಕೆ ಅದೇ ದಿನ ಪ್ರೈಮರ್ ಹಾಕಬೇಕು. ನಮ್ಮ ಹವೆಯಲ್ಲಿ ಬರಿಮೈಯ ಕಬ್ಬಿಣವನ್ನು ರಾತ್ರಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅರಸಿನ ಹಚ್ಚಿದಂತೆ ಬಣ್ಣ ತಿರುಗಿರುತ್ತದೆ. ಹಾರ್ಡನರ್ ಬೆರೆಸುವ ಪಾಲಿಯೆಸ್ಟರ್ ಪುಟ್ಟಿಯನ್ನು ಒಣದಾಗಿಯೇ ಉಜ್ಜತಕ್ಕದ್ದು. ಅದು ನೀರು ಹೀರುತ್ತದೆ, ಹೀರಿದ ನೀರು ಬಣ್ಣದಡಿಯಲ್ಲಿ ಕುಳಿತು ಮುಂದೆ ಗುಳ್ಳೆಯಾಗುತ್ತದೆ. ಪ್ರೈಮರ್ ಆದ ಮೇಲೆ ನೀರು ಬಿಟ್ಟುಕೊಂಡು 400, ಆಮೇಲೆ 600ರ ವಾಟರ್ ಪೇಪರ್. ಬೆರಳಿನಿಂದಲೇ ಒತ್ತಿ ಉಜ್ಜಿದರೆ ಬೆರಳ ಗಾತ್ರದ ಗೀರುಗಳು ಬೀಳುವುದರಿಂದ ಕಾಗದವನ್ನು ಮರದ ತುಂಡಿಗೆ ಸುತ್ತಿಕೊಳ್ಳುವುದು ಲೇಸು. ನಡುವೆ ಒಮ್ಮೆ ತೆಳುವಾಗಿ ಕಪ್ಪು ಮಂಜು ಹೊಡೆದು ಉಜ್ಜಿದರೆ ತಗ್ಗಿನಲ್ಲಿ ಕಪ್ಪು ಉಳಿದುಕೊಂಡು ತಾನೇ ತೋರಿಕೊಡುತ್ತದೆ.

ಮೂರು ವಾರ ಹೀಗೆ ಕಳೆಯಿತು. ಮನೆಯ ಮಕ್ಕಳು ಶಾಲೆಯಿಂದ ಬಂದೊಡನೆ ಒಂದೊಂದು ಬಾಗಿಲು ಹಂಚಿಕೊಂಡು ಉಜ್ಜಿದರು. ಗಾಜುಗಳನ್ನು ಮುಚ್ಚಲು ಹಳೆಯ ಕನ್ನಡ ಪತ್ರಿಕೆಗಳ ಕಟ್ಟು ಅಟ್ಟದಿಂದಿಳಿಯಿತು. ಒಂದೇ ಪದರವಾದರೆ ಥಿನ್ನರಿಗೆ ಅಚ್ಚಿನ ಮಸಿ ಕರಗಿ ಗಾಜಿಗೆ ಅಂಟುವುದುಂಟು, ಎರಡು ಪದರ ಬೇಕು. ಅಂಟಿಸುವ ಕೆಲಸ ಮಾತ್ರ ನಿಧಾನವಾಯಿತು, ಏಕೆಂದರೆ ಕೈಗೆ ಬಂದ ಪ್ರತಿ ಹಾಳೆಯನ್ನೂ ಅಣ್ಣ ಓದಿಯೇ ಕೊಡುತ್ತಿದ್ದನು. ಗುಜರಿಯ ಮಾತನ್ನು ಆತ ಆ ಹೊತ್ತಿಗೆ ಬಿಟ್ಟುಬಿಟ್ಟಿದ್ದನು.

ಉಜ್ಜಿದ ಕೆಸರುನೀರು, ಉಳಿದ ಥಿನ್ನರ್ ಇವನ್ನು ಎಲ್ಲಿ ಚೆಲ್ಲುವುದು? ನಮ್ಮ ಗುಡ್ಡಗಳೆಲ್ಲ ಮುರಕಲ್ಲು. ಅದು ಜರಡಿಯಂತೆ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು, ಗೋಡೆಯಿಂದ ಒಸರುವ ನೀರನ್ನು ಪಂಪಿಲ್ಲದೆ ಮನೆಬಾಗಿಲಿಗೆ ಹರಿಸಿಕೊಂಡವರ ಊರಿದು. ನಮ್ಮ ಮನೆಯ ಕುಡಿಯುವ ನೀರೂ ಸುರಂಗದ್ದೇ. ಅಂಗಳದ ಮೂಲೆಯಲ್ಲಿ ಸುರಿದ ಥಿನ್ನರ್ ಯಾರ ಹಂಡೆಗೆ ಬಂದು ಸೇರೀತೆಂದು ಹೇಳಲಾಗದು. ಹೀಗಾಗಿ ಉಜ್ಜುವ ಕಡೆ ತಾರ್ಪಾಲು ಹಾಸಿ, ಕೆಸರನ್ನು ಒಣಗಿಸಿ ಗುಡಿಸಿ ತೆಗೆದೆವು. ಬಳಸಿದ ಥಿನ್ನರನ್ನು ಮುಚ್ಚಳದ ಡಬ್ಬಿಯಲ್ಲಿಟ್ಟರೆ ಬಣ್ಣ ಅಡಿಯಲ್ಲಿ ಕೂರುತ್ತದೆ, ಮೇಲಿನ ತಿಳಿ ಗನ್ ತೊಳೆಯಲು ಮತ್ತೆ ಒದಗುತ್ತದೆ.

ಬಣ್ಣ ಹೊಡೆಯುವ ಮುಹೂರ್ತವನ್ನು ಇಟ್ಟುಕೊಡುವುದು ಇಲ್ಲಿಯ ಗಾಳಿಯೇ. ಮಕರ ತಿಂಗಳಲ್ಲಿ ಮುಂಜಾನೆ ಇಬ್ಬನಿ. ಮಧ್ಯಾಹ್ನದ ಮೇಲೆ ಪಡುವಣ ಕಡಲಿನಿಂದ ತೇವದ ಗಾಳಿ. ಇಬ್ಬನಿ ಆರಿ ಕಡಲಗಾಳಿ ಏಳುವವರೆಗಿನ ಮೂರು ಗಂಟೆಗಳ ಹೊತ್ತು ಮಾತ್ರ ನಮ್ಮದು. ತೇವವಿದ್ದಾಗ ಏನಾಗುತ್ತದೆಂದರೆ, ಥಿನ್ನರ್ ಬೇಗನೆ ಆವಿಯಾಗುತ್ತ ತಗಡಿನ ಮೈಯನ್ನು ತಣ್ಣಗಾಗಿಸುತ್ತದೆ, ತಣ್ಣಗಾದ ಮೈಯ ಮೇಲೆ ಗಾಳಿಯ ತೇವ ಇಳಿದು ಹಸಿ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಆರಿದಾಗ ಬೂದಿ ಎರಚಿದಂತೆ ಮಬ್ಬು. ಬಿಳಿ ಬಣ್ಣದಲ್ಲಿ ಮಬ್ಬು ಎದ್ದು ಕಾಣದಿದ್ದರೂ ಹೊಳಪು ಸತ್ತುಹೋಗುತ್ತದೆ. ಬಾಡಿಗೆಗೆ ತಂದ ಕಂಪ್ರೆಸರಿನ ಟ್ಯಾಂಕಿನಲ್ಲಿಯೂ ನೀರು ತಂಗುವುದರಿಂದ ದಿನವೂ ಅಡಿಯ ತಿರುಪು ಬಿಚ್ಚಿ ಬಸಿಯಬೇಕು. ನೆಲಕ್ಕೆ ನೀರು ಚಿಮುಕಿಸಿ ಧೂಳನ್ನು ಅಡಗಿಸಿ, ಮೇಲೆ ತಾರ್ಪಾಲಿನ ಚಪ್ಪರ ಕಟ್ಟಿ, ನಾಲ್ಕು ಬದಿಯನ್ನೂ ತೆರೆದಿಟ್ಟೆವು. ತೆಂಗಿನ ಮಡಲಿನ ಚಪ್ಪರ ತಂಪೇನೋ ಹೌದು, ಆದರೆ ಅದರಿಂದ ಉದುರುವ ಕಸಕ್ಕೆ ಕೊನೆಯಿಲ್ಲ.

ಗನ್ ಹಿಡಿಯುವ ಕೈಯ ವಿಷಯದಲ್ಲಿ ನನಗೆ ಉಪದೇಶ ದೊರೆತದ್ದು ಅನಿರೀಕ್ಷಿತವಾದ ಕಡೆಯಿಂದ. ನಮ್ಮ ತೋಟಕ್ಕೆ ಪ್ರತಿ ವರ್ಷ ಮಳೆಗೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವವರು ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಹಳೆಯ ತಗಡಿನ ಹಾಳೆಯ ಮೇಲೆ ನಾನು ಅಭ್ಯಾಸ ಮಾಡುತ್ತಿದ್ದೆ.

“ಕೈ ನಿಲ್ಲಬಾರದು ಅಣ್ಣ,” ಎಂದರು. “ನಿಂತಲ್ಲಿ ಗೊನೆ ಚಂಡಿಯಾಗಿ ಮದ್ದೆಲ್ಲ ಸುರಿದುಹೋಗ್ತದೆ. ಮೊದಲು ಕೈ ಹೊರಡಬೇಕು, ಆಮೇಲೆ ಮದ್ದು.”

ಬಣ್ಣದ ಕೆಲಸದ ಸೂತ್ರವೂ ಇದೇ. ಬಾಗಿಲಿನ ಅಂಚಿಗೆ ಮುನ್ನವೇ ಕೈ ಚಲಿಸತೊಡಗಬೇಕು, ಗನ್ನಿನ ಕುದುರೆಯನ್ನು ಆಮೇಲೆ ಒತ್ತಬೇಕು, ಆಚೆಯ ಅಂಚು ದಾಟಿದ ಮೇಲೆ ಬಿಡಬೇಕು. ತಗಡಿನಿಂದ ಒಂದು ಗೇಣಿನಷ್ಟು ದೂರ. ಕಮಾನಿನಂತೆ ಕೈ ಬೀಸದೆ ತಗಡಿಗೆ ಸಮಾನವಾಗಿ ಸಾಗಬೇಕು, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚಬೇಕು. ಹತ್ತಿರವಾದರೆ ಬಣ್ಣ ಇಳಿಯುತ್ತದೆ. ದೂರವಾದರೆ ದಾರಿಯಲ್ಲೇ ಆರಿ, ಕಿತ್ತಳೆಯ ಸಿಪ್ಪೆಯಂತೆ ಒರಟಾಗುತ್ತದೆ. ಮೊದಲ ದಿನ ಮಾಡೂ ಬಾನೆಟ್ಟೂ, ಎರಡನೆಯ ದಿನ ಉಳಿದ ಮೈ. ತೆಳ್ಳಗೆ ಆರು ಕೋಟು, ನಡುನಡುವೆ ಹತ್ತು ಹದಿನೈದು ನಿಮಿಷದ ಬಿಡುವು. ಎರಡನೆಯ ದಿನ ಹನ್ನೆರಡಕ್ಕೆ ಕೊನೆಯ ಸಾಲು ಮುಗಿಸಿ ಮಾಸ್ಕ್ ತೆಗೆದಾಗ ಕಂಗುಗಳ ತಲೆ ಪಡುವಣ ಗಾಳಿಗೆ ಆಡತೊಡಗಿತ್ತು.

ಆರಿದ ಎನ್.ಸಿ. ಬಣ್ಣಕ್ಕೆ ತಾನಾಗಿ ಹೊಳಪು ಬಾರದು. ವಾರದ ಬಳಿಕ 1500, 2000ದ ಕಾಗದದಲ್ಲಿ ನೀರು ಹಾಕಿ ಹಗುರವಾಗಿ ಉಜ್ಜಿ, ರಬ್ಬಿಂಗ್ ಕಾಂಪೌಂಡಿನಿಂದ ತಿಕ್ಕಿದಾಗ ಅದು ಮೇಲೇಳುತ್ತದೆ. ಅಂಚುಗಳಲ್ಲಿ ಬಣ್ಣ ತೆಳುವಾದ್ದರಿಂದ ಅಲ್ಲಿ ಕೈ ಹಗುರವಿರಬೇಕು. ಹತ್ತಿರ ನಿಂತು ನೋಡುವವರಿಗೆ ಇದು ವರ್ಕ್‌ಶಾಪಿನ ಕೆಲಸವಲ್ಲವೆಂದು ತಿಳಿಯುತ್ತದೆ. ನಾಲ್ಕು ಮಾರು ದೂರದಿಂದ ಯಾರಿಗೂ ತಿಳಿಯದು. ನವೀಕರಣಕ್ಕೆ ಒಯ್ದ ದಿನ ಅಧಿಕಾರಿಗಳು ತಳದ ತಗಡನ್ನು ತಟ್ಟಿ ನೋಡಿದರು, ದೀಪ ಬ್ರೇಕುಗಳನ್ನು ಪರೀಕ್ಷಿಸಿದರು, ಬಣ್ಣದ ವಿಷಯ ಎತ್ತಲೇ ಇಲ್ಲ. ಐದು ವರ್ಷಗಳಿಗೆ ಕಾಗದ ದೊರೆಯಿತು.

ಮರುದಿನ ಅಡ್ಕಸ್ಥಳ ದಾಟಿ, ಸಾರಡ್ಕದ ಗಡಿ ಕಳೆದು ವಿಟ್ಲಕ್ಕೆ ಹೋದೆವು. ತಂಗಿಯ ಮನೆಯ ಜಗಲಿಯಿಂದ ತಾಯಿಯವರು ನಿಧಾನವಾಗಿ ಇಳಿದು ಬಂದರು. ಸೆರಗಿನ ಅಂಚಿನಿಂದ ಬಾಗಿಲ ಮೇಲಿನ ಧೂಳನ್ನು ಒರಸಿ, ತಂದೆಯವರು ಕುಳಿತುಕೊಳ್ಳುತ್ತಿದ್ದ ಎಡಗಡೆಯ ಮುಂದಿನ ಸೀಟಿನಲ್ಲಿ ಕುಳಿತರು. ಗಡಿ ದಾಟುವವರೆಗೂ ಮಾತಿಲ್ಲ. ಪೆರ್ಲ ಹತ್ತಿರವಾದಾಗ ಕೇಳಿದರು:

“ಅಂಗಳ ಖಾಲಿಯಾಯಿತಲ್ಲ ಮಗಾ? ನಾಳೆಯಿಂದ ಅಡಕೆ ಹರಡಬಹುದಷ್ಟೆ?”